ಜೋಪಾನವಾಗಿ ಎತ್ತಿಟ್ಟ ಟ್ಯಾಂಕು

ಮೊನ್ನೆ ದೀಪಾವಳಿಗೆ ಊರಿಗೆ ಹೋದವನು ಈ ಸಲ ಒಂದು ಕೆಲಸ ಮುಗಿಸಿಯೇ ವಾಪಸ್ ಬರೋದು ಅಂತ ಹಟ ಹಿಡಿದಿದ್ದೆ. ನಮ್ಮನೆ ಸಾಗರದ ಹತ್ತಿರ. ಕೊಟ್ಟಿಗೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಅಡಿಕೆ ಚೀಲಗಳ ಹಿಂದೆ ಅಜ್ಜನ ಜಾವಾ ನಿಂತಿದೆ. 1968ರ ಗಾಡಿ, ಮೈಸೂರಿನಲ್ಲಿ ಹುಟ್ಟಿದ್ದು. ಮೇಲೆ ಹೊದಿಸಿದ್ದ ಹಳೇ ಜಮಖಾನ ಎಳೆದೆ. ಕೆಂಪು ಬಣ್ಣ ಮಾಸಿದೆ, ಆದ್ರೆ ಟ್ಯಾಂಕಿನ ಎರಡೂ ಕೆನ್ನೆಯ ಕ್ರೋಮ್ ಒರೆಸಿದರೆ ಇನ್ನೂ ಮುಖ ಕಾಣುತ್ತೆ. ಖುಷಿಯಾಯ್ತು. ಮುಚ್ಚಳ ತಿರುಗಿಸಿ, ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಇಣುಕಿದೆ ನೋಡಿ... ಖುಷಿ ಅಲ್ಲಿಗೇ ನಿಂತಿತು. ಒಳಗೆ ಪೂರ್ತಿ ಹೆಂಚಿನ ಬಣ್ಣ. ಬೆರಳು ಹಾಕಿ ಸವರಿದರೆ ಕುಂಕುಮದ ಹಾಗೆ ಪುಡಿ.

ಇದಕ್ಕೆ ಕಾರಣ ಮಳೆಯಲ್ಲ, ಗಾಡಿ ಮಾಡಿದವರಲ್ಲ, ಅಜ್ಜನಂತೂ ಅಲ್ಲವೇ ಅಲ್ಲ. ಕಾರಣ ನಾನು.

ಅಜ್ಜ ಕೊನೆಯ ಸಲ ಜಾವಾ ಓಡಿಸಿದ್ದು 2014ರಲ್ಲಿ. ಮರುವರ್ಷ ನಾನು ಇಂಜಿನಿಯರಿಂಗ್ ಸೇರೋಕೆ ಬೆಂಗಳೂರಿಗೆ ಹೊರಟಾಗ, "ಮನೆಯೊಳಗೆ ಪೆಟ್ರೋಲ್ ಇಡೋದು ಅಪಾಯ, ಹಳೇ ಪೆಟ್ರೋಲ್ ಅಂಟಾಗುತ್ತೆ" ಅಂತ ಎಲ್ಲೋ ಓದಿದ್ದನ್ನು ನಂಬಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿದೆ. ಅಷ್ಟಕ್ಕೇ ಬಿಡದೆ ಸೋಪಿನ ನೀರು ಹಾಕಿ ಚೆನ್ನಾಗಿ ತೊಳೆದೆ. ಬಿಸಿಲಿಗಿಟ್ಟೆ, ಒಣಗಿತು ಅಂದುಕೊಂಡೆ, ಮುಚ್ಚಳ ಹಾಕಿ ಜಮಖಾನ ಹೊದಿಸಿದೆ. ಎಷ್ಟು ಜೋಪಾನ ಮಾಡಿದೆ ಅಂತ ನನಗೇ ಹೆಮ್ಮೆ. 45ಕ್ಕೂ ಹೆಚ್ಚು ವರ್ಷ ಮಲೆನಾಡಿನ ಮಳೆಯಲ್ಲಿ ನೆನೆದರೂ ಒಳಗೆ ತುಕ್ಕು ಹಿಡಿಯದ ಟ್ಯಾಂಕು, ನನ್ನ ಜೋಪಾನದಿಂದ ಹತ್ತೇ ವರ್ಷದಲ್ಲಿ ಕೆಂಪಾಯಿತು!

ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ವಿಚಾರಿಸಿದರೆ "ಹೊಸದೇ ಹಾಕ್ಬಿಡಿ ಸಾರ್, ಅದೇ ತರಹದ್ದು ಮಾಡಿ ಮಾರ್ತಾರೆ" ಅಂದರು. ನಿಜ, ಸಿಗುತ್ತೆ. ಆದ್ರೆ ಈ ಟ್ಯಾಂಕಿನ ಮೇಲೆ ಅಜ್ಜನ ಮೊಣಕಾಲು ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಇದೆ. ಅದನ್ನು ಯಾರೂ ಮಾಡಿ ಮಾರೋದಿಲ್ಲ. ಹೊರಗಿನದು ಹಾಗೇ ಉಳಿಯಬೇಕು, ಒಳಗಿನ ತುಕ್ಕು ಮಾತ್ರ ಹೋಗಬೇಕು. ಹೇಗೆ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ನೂರೈವತ್ತು ವರ್ಷಗಳ ಒಂದು ಇತಿಹಾಸ. ಅದನ್ನೇ ಇಲ್ಲಿ ಹೇಳೋಣ ಅಂತ.

*

ಮೊದಲು ಈ ಟ್ಯಾಂಕು ಎಲ್ಲಿಂದ ಬಂತು ಅಂತ ನೋಡೋಣ.

ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಉದ್ಯಮಿ ಇದ್ದ. ಶಸ್ತ್ರಾಸ್ತ್ರ ತಯಾರಿಸೋ ಕಾರ್ಖಾನೆ ಅವನದು. ಯುದ್ಧ ಮುಗಿದ ಮೇಲೆ ಬೇರೇನಾದರೂ ಮಾಡಬೇಕಿತ್ತು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿದ, 'ಜಾವಾ' ಆಯಿತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ, ಕಂಪ್ಯೂಟರಿನ ಜಾವಾಕ್ಕೂ ಇಲ್ಲ (ನಮ್ಮ ಆಫೀಸಿನಲ್ಲಿ ಈ ಜೋಕು ಹಳಸಿ ಹೋಗಿದೆ :-) ).

ಮೊದಲ ಜಾವಾ 500 ಸಿಸಿಯ ದುಬಾರಿ ಗಾಡಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಹಾಗಾಗಿ ಕಂಪನಿ ಸಣ್ಣ ಟೂ ಸ್ಟ್ರೋಕ್ ಗಾಡಿಗಳತ್ತ ತಿರುಗಿತು, ಹೆಸರು ಮಾಡಿದ್ದೂ ಅದರಲ್ಲೇ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಆಳ್ವಿಕೆಯ ಕೆಳಗೆ ಇದ್ದಾಗಲೇ ಅಲ್ಲಿನ ಇಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿಸಿ ಗಾಡಿ ರೂಪಿಸುತ್ತಿದ್ದರಂತೆ. ಯುದ್ಧ ಮುಗಿದದ್ದೇ 1946ರಲ್ಲಿ ಅದು ಹೊರಬಂತು. 1954ರ ಹೊತ್ತಿಗೆ ಅದರ ಮುಂದಿನ ಪೀಳಿಗೆ 353 ಬಂತು. ನಮ್ಮ ಅಜ್ಜನ ಗಾಡಿ ಆ ವಂಶದ್ದು.

ಮೈಸೂರಿಗೆ ಬಂದದ್ದು ಹೇಗೆ? ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಕೊರತೆಯಿಂದ ಹೊರಗಿನಿಂದ ಗಾಡಿ ತರಿಸೋದು ಕಷ್ಟವಾಯ್ತು. ಇಲ್ಲೇ ತಯಾರಿಸಿ ಅಂತ ಸರ್ಕಾರದ ಒತ್ತಾಯ. 1955ರಲ್ಲಿ ಎನ್‌ಫೀಲ್ಡ್ ಮದ್ರಾಸಿಗೆ ಬಂತು. ಜಾವಾದ ಪರವಾನಗಿ ಪಡೆದು ರುಸ್ತುಂ ಮತ್ತು ಫರೋಖ್ ಇರಾನಿ ಎಂಬ ಪಾರಸಿ ಮೂಲದ ಉದ್ಯಮಿಗಳು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. (ತುಕ್ಕಿನ ಕಥೆಯಲ್ಲಿ ಇಂಗ್ಲಿಷಿನ 'ರಸ್ಟ್' ಜೊತೆಗೆ ಒಬ್ಬ ರುಸ್ತುಂ ಇರೋದು ಬರೀ ಕಾಕತಾಳೀಯ.) 1960-61ರಲ್ಲಿ ಗಾಡಿಗಳು ಹೊರಬರತೊಡಗಿದವು. ಕಾರ್ಖಾನೆ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಲ್ಲಿ ಗಾಡಿಯ ಹೆಸರು ಜಾವಾ ಹೋಗಿ ಯೆಜ್ಡಿ ಆಯಿತು. ಅದೇ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಹೋಗಿ ಕರ್ನಾಟಕವಾಯಿತು. ಅಂದರೆ ನಮ್ಮ ಗಾಡಿ ಮೈಸೂರು ರಾಜ್ಯದ ಜಾವಾ. ಆ ವರ್ಷ ಆ ಎರಡೂ ಹೆಸರು ಹೋದವು.

ಈ ಟ್ಯಾಂಕಿನ ಆಕಾರಕ್ಕೂ ಒಂದು ಕಥೆ ಇದೆ. 1920ರ ದಶಕದ ಆರಂಭದವರೆಗೂ ಮೋಟಾರ್ ಸೈಕಲ್ಲಿನ ಟ್ಯಾಂಕು ಚಪ್ಪಟೆ ಡಬ್ಬಿ. ಚೌಕಟ್ಟಿನ ಎರಡು ಪೈಪುಗಳ ನಡುವೆ ತೂರಿಸುತ್ತಿದ್ದರು. ಆಮೇಲೆ ಬಂದದ್ದು ಪೈಪಿನ ಮೇಲೆ ಕೂರುವ, ಕುದುರೆಯ ಜೀನಿನಂಥ ಟ್ಯಾಂಕು. 20ರ ದಶಕ ಮುಗಿಯುವ ಹೊತ್ತಿಗೆ ಎಲ್ಲ ಕಡೆ ಇದೇ. ನೋಡೋಕೆ ಚಂದ, ಪೆಟ್ರೋಲೂ ಹೆಚ್ಚು ಹಿಡಿಯುತ್ತೆ. ಆದ್ರೆ ಜೀನಿನ ಹಾಗೆ ಎರಡು ಕಡೆ ಇಳಿದಿರೋದರಿಂದ ಒಳಗೆ ಎರಡು ಗುಂಡಿಗಳಾದವು. ನೀರು ಸೇರಿದರೆ ಆ ಗುಂಡಿಗಳ ತಳದಲ್ಲೇ ನಿಲ್ಲುತ್ತೆ. ಪೆಟ್ರೋಲ್ ನೀರಿಗಿಂತ ಹಗುರ, ಲೀಟರಿಗೆ ಮುಕ್ಕಾಲು ಕೆಜಿಯ ಆಸುಪಾಸು, ಅದು ಮೇಲೆ ತೇಲುತ್ತೆ. ಕೆಳಗೆ ಕೂತ ನೀರು ಕಬ್ಬಿಣದ ಜೊತೆ ತನ್ನ ಕೆಲಸ ಶುರು ಮಾಡುತ್ತೆ.

*

ಹಾಗಾದ್ರೆ ಅಜ್ಜನ ಕಾಲದಲ್ಲಿ ಯಾಕೆ ತುಕ್ಕು ಹಿಡಿಯಲಿಲ್ಲ?

ಅಜ್ಜ ಪ್ರೈಮರಿ ಶಾಲೆ ಮೇಷ್ಟ್ರು. ಲೆಕ್ಕ ಅಂದ್ರೆ ಲೆಕ್ಕ. ಪೆಟ್ರೋಲ್ ಹಾಕಿಸುವಾಗಲೆಲ್ಲ ಜೇಬಿನಿಂದ ಔಷಧಿ ಬಾಟಲಿಯ ಅಳತೆ ಮುಚ್ಚಳ ತೆಗೆದು ಲೀಟರಿಗೆ 40 ಮಿಲಿಲೀಟರ್ ಆಯಿಲ್ ಅಳೆದು ಹಾಕಿಸೋರು. 25ಕ್ಕೆ 1. ಟೂ ಸ್ಟ್ರೋಕ್ ಇಂಜಿನ್ನಿಗೆ ಕೀಲೆಣ್ಣೆ ಬೇರೆ ದಾರಿಯಲ್ಲಿ ಬರೋದಿಲ್ಲ, ಪೆಟ್ರೋಲ್ ಜೊತೆಗೇ ಬರಬೇಕು. ಗಾಡಿ ಹೋದ ಮೇಲೂ ರಸ್ತೆಯಲ್ಲಿ ಉಳಿಯೋ ಆ ನೀಲಿ ಹೊಗೆ, ಆ ವಾಸನೆ ಅದರದ್ದೇ.

ಆ ಎಣ್ಣೆ ಇಂಜಿನ್ನನ್ನಷ್ಟೇ ಕಾಪಾಡುತ್ತಿರಲಿಲ್ಲ. ಗಾಡಿ ಓಡುವಾಗ ಟ್ಯಾಂಕಿನೊಳಗೆ ಪೆಟ್ರೋಲ್ ಕುಲುಕುತ್ತೆ, ಪ್ರತಿ ಕುಲುಕಿಗೂ ಗೋಡೆಗೆ ತೆಳುವಾದ ಎಣ್ಣೆಯ ಪದರ ಬಳಿಯುತ್ತೆ. ಓಡಿಸಿದಷ್ಟೂ ದಿನ ಅಜ್ಜ ತಮಗೇ ಗೊತ್ತಿಲ್ಲದೆ ಟ್ಯಾಂಕಿಗೆ ಅಭ್ಯಂಜನ ಮಾಡಿಸುತ್ತಿದ್ದರು ಅನ್ನಿ. ನಾನು ಮಾಡಿದ್ದೇನು? ಸೋಪು ಹಾಕಿ ಆ ಎಣ್ಣೆಯನ್ನೇ ತೊಳೆದೆ. ಮೇಲಾಗಿ ಖಾಲಿ ಬಿಟ್ಟೆ. ಖಾಲಿ ಟ್ಯಾಂಕು ಉಸಿರಾಡುತ್ತೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹೊರಗೆ, ರಾತ್ರಿ ತಣ್ಣಗಾದಾಗ ಹೊರಗಿನ ಒದ್ದೆ ಗಾಳಿ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನ ಗಾಳಿ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ, ಅಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತೆ. ಆ ತೇವ ಬರಿಗಬ್ಬಿಣದ ಮೇಲೆ ಹನಿಗಟ್ಟಿತು. ಹತ್ತು ಮಳೆಗಾಲ ಸಾಕಾಯ್ತು.

ಇಲ್ಲಿ ಪೆಟ್ರೋಲಿನದೂ ಒಂದು ಇತಿಹಾಸ ಇದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತಲ್ಲ, ಅದೇನು ಹೊಸ ಆಲೋಚನೆ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸಿದ ಕಥೆಗಳನ್ನು ಹಿರಿಯರು ಹೇಳೋದು ಕೇಳಿರುತ್ತೀರಿ. ಪೆಟ್ರೋಲಿಗೆ ಮದ್ಯಸಾರ ಬೆರೆಸೋದಕ್ಕೆ ಅಂತಲೇ 1948ರಲ್ಲಿ ಇಂಡಿಯನ್ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ನಿಜವಾಗಿ ದೊಡ್ಡ ಮಟ್ಟದಲ್ಲಿ ಶುರುವಾದದ್ದು 2003ರಲ್ಲಿ. ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ ಶೇಕಡಾ 5. 2022ರ ಹೊತ್ತಿಗೆ ಶೇಕಡಾ 10 ಆಯ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡಾ 20ರ ಪೆಟ್ರೋಲ್ ಬಿಡುಗಡೆಯಾಯ್ತು.

ಎಥನಾಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತೆ. ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತೆ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿದುಬಿಡುತ್ತವೆ. ದಿನಾ ಓಡೋ ಗಾಡಿಯಲ್ಲಿ ಪೆಟ್ರೋಲ್ ಖಾಲಿಯಾಗುತ್ತಾ ಹೊಸದು ಬರುತ್ತಿರುತ್ತೆ, ಅಷ್ಟು ಹೊತ್ತು ನಿಲ್ಲೋದೇ ಇಲ್ಲ. ತಿಂಗಳುಗಟ್ಟಲೆ ನಿಂತ ಹಳೇ ಗಾಡಿಗೆ ಕಷ್ಟ. ನನ್ನ ಟ್ಯಾಂಕಿನ ತುಕ್ಕಿಗೆ ಎಥನಾಲ್ ಹೊಣೆ ಅಲ್ಲ, ಅದಕ್ಕೆ ನಾನಿದ್ದೀನಿ. ಆದ್ರೆ ಮುಂದೆ ಇದನ್ನು ನೆನಪಿಡಲೇಬೇಕು.

*

ಈಗ ಮುಖ್ಯ ವಿಷಯ. ತುಕ್ಕು ತೆಗೆಯೋದು.

ಗ್ಯಾರೇಜುಗಳ ಅತಿ ಹಳೇ ವಿಧಾನ ಎಲ್ಲರಿಗೂ ಗೊತ್ತು. ಟ್ಯಾಂಕಿನೊಳಗೆ ಜಲ್ಲಿ, ನಟ್ಟು ಅಥವಾ ಹಳೇ ಸೈಕಲ್ ಚೈನು ಹಾಕಿ ಕುಲುಕೋದು. ಕೆಲಸ ಆಗುತ್ತೆ. ಆದ್ರೆ ಜೀನಿನ ಮೂಲೆಗಳಿಗೆ ಜಲ್ಲಿ ಹೋಗಲ್ಲ, ಹೋದರೆ ವಾಪಸ್ ಬರಲ್ಲ :-)

ಎರಡನೆಯದು ಹುಳಿ. ನಮ್ಮ ಅಜ್ಜಿ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಉಜ್ಜೋದೂ ಇದೇ ರಸಾಯನಶಾಸ್ತ್ರ, ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಕಿಲುಬನ್ನು ಕರಗಿಸುತ್ತೆ. ತುಕ್ಕಿಗೆ ನಿಂಬೆಹುಳಿ ಅಂದರೆ ಸಿಟ್ರಿಕ್ ಆಮ್ಲ ಒಳ್ಳೆಯದು. ಸ್ವೀಡನ್ನಿನ ಶೀಲೆ ಅದನ್ನು ನಿಂಬೆರಸದಿಂದ ಬೇರ್ಪಡಿಸಿದ್ದು 1784ರಲ್ಲಿ. ಬಹಳ ಕಾಲ ಅದು ನಿಂಬೆಯಿಂದಲೇ ಬರಬೇಕಿತ್ತು, ದುಬಾರಿ. ಒಂದು ಜಾತಿಯ ಕಪ್ಪು ಬೂಸ್ಟು ಸಕ್ಕರೆಯಿಂದ ಅದನ್ನು ಧಾರಾಳವಾಗಿ ತಯಾರಿಸುತ್ತೆ ಅಂತ ಅಮೆರಿಕದ ಜೇಮ್ಸ್ ಕರಿ 1917ರಲ್ಲಿ ತೋರಿಸಿದ ಮೇಲೆ ಅಗ್ಗವಾಯ್ತು. ಈಗ ಕಿರಾಣಿ ಅಂಗಡಿಯಲ್ಲಿ ಸಿಗೋದು ಅದೇ.

ನನಗೆ ತುಂಬಾ ಇಷ್ಟವಾದದ್ದು ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗಿನಿಂದ ನಮ್ಮ ಕಡೆ ಪರಿಚಿತ ವಸ್ತು. ನೀರಿನಲ್ಲಿ ಕಲಸಿ ಅದರಲ್ಲಿ ತುಕ್ಕಿನ ಕಬ್ಬಿಣ ಅದ್ದಿಟ್ಟರೆ, ಅದರೊಳಗಿನ ಕೆಲವು ವಸ್ತುಗಳು ತುಕ್ಕಿನ ಕಬ್ಬಿಣದ ಅಂಶವನ್ನು ಇಕ್ಕಳದಂತೆ ಹಿಡಿದು ಬಿಡಿಸುತ್ತವೆ. ಒಳ್ಳೆಯ ಲೋಹವನ್ನು ಹೆಚ್ಚು ಮುಟ್ಟೋದಿಲ್ಲ. ಆದ್ರೆ ವಾರಗಟ್ಟಲೆ ಬೇಕು, ಹುದುಗು ಬಂದು ನಾರುತ್ತೆ. ತಮಾಷೆ ನೋಡಿ, ಇದೇ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಎಥನಾಲ್. ಪೆಟ್ರೋಲಿಗೆ ಸೇರಿ ನಿಂತರೆ ನೀರನ್ನು ಕರೆಯುತ್ತೆ, ನೀರಿಗೆ ಸೇರಿದರೆ ತುಕ್ಕನ್ನು ಬಿಡಿಸುತ್ತೆ. ಕಬ್ಬು ಒಂದೇ!

ಮೂರನೆಯದು ಟಾಯ್ಲೆಟ್ ತೊಳೆಯೋ ಆಸಿಡ್, ಹೈಡ್ರೋಕ್ಲೋರಿಕ್. ಹತ್ತು ನಿಮಿಷದಲ್ಲಿ ತುಕ್ಕು ಮಾಯ. ಆಮೇಲೆ ಅದು ಲೋಹವನ್ನೂ ತಿನ್ನತೊಡಗುತ್ತೆ, ಹೊರಗೆ ಒಂದು ಹನಿ ಚೆಲ್ಲಿದರೆ ಕ್ರೋಮ್ ಗೋವಿಂದ. ತೊಳೆದು ತೆಗೆದರೆ ಕಣ್ಣೆದುರೇ ಹೊಸ ತುಕ್ಕು ಏಳುತ್ತೆ. ಇದು ಬೇಡವೇ ಬೇಡ ಅಂತ ತೀರ್ಮಾನಿಸಿದೆ.

ನಾಲ್ಕನೆಯದರ ಕಥೆ ಸ್ವಾರಸ್ಯ. ಫಾಸ್ಫಾರಿಕ್ ಆಮ್ಲ. ಇದು ತುಕ್ಕನ್ನು ಕರಗಿಸೋದಷ್ಟೇ ಅಲ್ಲ, ಕಬ್ಬಿಣದ ಮೇಲೆ ಕಬ್ಬಿಣದ ಫಾಸ್ಫೇಟಿನ ಬೂದುಗಪ್ಪು ಪದರ ಬಿಡುತ್ತೆ, ಆ ಪದರ ಮುಂದಿನ ತುಕ್ಕನ್ನು ತಡೆಯುತ್ತೆ. 1869ರಲ್ಲಿ ಬ್ರಿಟನ್ನಿನಲ್ಲಿ ರಾಸ್ ಎಂಬಾತ ಕೆಂಡದಂಥ ಕಬ್ಬಿಣವನ್ನು ಈ ಆಮ್ಲದಲ್ಲಿ ಅದ್ದೋದಕ್ಕೆ ಪೇಟೆಂಟ್ ಪಡೆದ. 1906ರಲ್ಲಿ ಥಾಮಸ್ ವಾಟ್ಸ್ ಕಾಸ್ಲೆಟ್ ಕಬ್ಬಿಣದ ಚೂರು ಬೆರೆಸಿದ ಬಿಸಿ ಆಮ್ಲದಲ್ಲಿ ಕುದಿಸುವ ವಿಧಾನ ಕಂಡುಹಿಡಿದ. 1915ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಪಾರ್ಕರ್ ಕಂಪನಿ ಇದನ್ನು ದೊಡ್ಡ ಉದ್ಯಮ ಮಾಡಿತು. ಈಗಲೂ ಕಾರು, ಬೈಕುಗಳಿಗೆ ಬಣ್ಣ ಬಳಿಯುವ ಮೊದಲು ಫಾಸ್ಫೇಟ್ ಸ್ನಾನ ಆಗುತ್ತೆ.

ಆದ್ರೆ ಈ ಉಪಾಯವನ್ನು ಪ್ರಕೃತಿ ಅದಕ್ಕೂ ಹಿಂದೆಯೇ ಮಾಡಿ ತೋರಿಸಿತ್ತು. ದೆಹಲಿಯ ಕುತುಬ್ ಮಿನಾರ್ ಪಕ್ಕದ ಕಬ್ಬಿಣದ ಕಂಬ, ಗುಪ್ತರ ಕಾಲದ್ದು, ಸುಮಾರು 1600 ವರ್ಷ ಹಳೆಯದು. ಯಾಕೆ ತುಕ್ಕು ತಿನ್ನಲಿಲ್ಲ ಅಂತ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವರ್ಷಗಟ್ಟಲೆ ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದರು. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ, ಸುಮಾರು ಶೇಕಡಾ 0.25. ಶುರುವಿನಲ್ಲಿ ಹಿಡಿದ ತುಕ್ಕಿನ ಅಡಿಯಲ್ಲಿ ಅದು ಕಬ್ಬಿಣದ ಫಾಸ್ಫೇಟಿನ ತೆಳು ಪೊರೆಯಾಗಿ ಕೂತಿದೆ. ಅಂದರೆ ತುಕ್ಕೇ ತುಕ್ಕಿಗೆ ತಡೆ. ನಮ್ಮ ಕೊಡಚಾದ್ರಿಯಲ್ಲೂ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬ ಇದೆ, ಟ್ರೆಕ್ಕಿಂಗ್ ಹೋದವರು ನೋಡಿರುತ್ತೀರಿ. ಅಂಥ ಮಳೆಯಲ್ಲಿ ಅದು ನಿಂತಿದೆ. ನಮ್ಮನೆಯ ಸೂರಿನ ಕೆಳಗೆ ನನ್ನ ಟ್ಯಾಂಕು ನಿಲ್ಲಲಿಲ್ಲ!

*

ಐದನೆಯದು ಕರೆಂಟು. ಇದನ್ನು ಮೊದಲು ಬಳಸಿದವರು ಮೆಕ್ಯಾನಿಕ್ಕುಗಳಲ್ಲ, ಮ್ಯೂಸಿಯಂನವರು.

ಮಣ್ಣಿನಿಂದ ಅಗೆದು ತೆಗೆದ ಕತ್ತಿ, ಮೊಳೆ, ಪಾತ್ರೆಗಳು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲೇ ಪುಡಿಯಾಗುತ್ತಿದ್ದವು. ಮತ್ತೆ ಅದೇ, ಜೋಪಾನ ಮಾಡಿ ಇಟ್ಟ ಜಾಗದಲ್ಲೇ. 1888ರಲ್ಲಿ ಬರ್ಲಿನ್ನಿನ ಮ್ಯೂಸಿಯಂಗಳು ಇದಕ್ಕಾಗಿಯೇ ಒಂದು ರಸಾಯನ ಪ್ರಯೋಗಾಲಯ ತೆರೆದು ಫ್ರೀಡ್ರಿಶ್ ರಾಟ್ಗೆನ್ ಎಂಬ ರಸಾಯನಶಾಸ್ತ್ರಜ್ಞನನ್ನು ನೇಮಿಸಿದವು. 1898ರಲ್ಲಿ ಅವನು ಬರೆದ ಪುಸ್ತಕದಲ್ಲಿ ವಿದ್ಯುತ್ತಿನಿಂದ ಲೋಹದ ಕಿಲುಬು ಬಿಡಿಸೋ ವಿಧಾನ ಇದೆ. 1925ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗಾಗಿ ಕಾಲಿನ್ ಫಿಂಕ್ ಮತ್ತು ಎಲ್ಡ್ರಿಜ್ ಹಳೇ ಕಂಚಿನ ವಿಗ್ರಹಗಳ ಮೇಲೆ ಇದನ್ನೇ ಬಳಸಿ ವರದಿ ಪ್ರಕಟಿಸಿದರು.

ಈ ಫಿಂಕ್ ಯಾರು ಗೊತ್ತಾ? ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್. ಕ್ರೋಮ್ ಲೇಪನವನ್ನು ಕಾರ್ಖಾನೆಯಲ್ಲಿ ನಂಬಿಕೆಯಿಂದ ಮಾಡಬಹುದಾದ ವಿಧಾನಕ್ಕೆ 1926ರಲ್ಲಿ ಪೇಟೆಂಟ್ ಪಡೆದವನು ಇವನೇ! ಅಂದರೆ ನಮ್ಮ ಟ್ಯಾಂಕಿನ ಹೊರಗೆ ಹೊಳೆಯೋ ಕ್ರೋಮಿನ ಹಿಂದೆಯೂ ಇದ್ದಾನೆ, ಒಳಗಿನ ತುಕ್ಕು ತೆಗೆಯೋ ವಿದ್ಯೆಯ ಹಿಂದೆಯೂ ಇದ್ದಾನೆ. ಇದನ್ನು ಓದಿದ ರಾತ್ರಿ ನನಗೆ ಗ್ಯಾರಂಟಿಯಾಯ್ತು, ಇದೇ ದಾರಿ ಅಂತ.

ವಿಧಾನ ಸರಳ. ಟ್ಯಾಂಕಿಗೆ ನೀರು ತುಂಬಿ ವಾಷಿಂಗ್ ಸೋಡಾ ಕರಗಿಸಬೇಕು, 13 ಲೀಟರಿಗೆ ನಾಲ್ಕೈದು ಚಮಚ. ಬಾಯಿಯಿಂದ ಒಂದು ಕಬ್ಬಿಣದ ಸರಳು ಇಳಿಬಿಡಬೇಕು, ಅದು ಟ್ಯಾಂಕಿಗೆ ಎಲ್ಲೂ ತಾಗಬಾರದು. ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಕರೆಂಟು ಹರಿದಾಗ ಟ್ಯಾಂಕಿನ ಗೋಡೆಯಲ್ಲಿ ಜಲಜನಕದ ಗುಳ್ಳೆಗಳೇಳುತ್ತವೆ. ಕೆಂಪು ತುಕ್ಕು ಕಪ್ಪಾಗಿ ಸಡಿಲವಾಗುತ್ತೆ, ಗುಳ್ಳೆಗಳು ಅದನ್ನು ಎಬ್ಬಿಸುತ್ತವೆ. ಒಳ್ಳೆಯ ಲೋಹಕ್ಕೆ ಏನೂ ಆಗಲ್ಲ, ಯಾಕಂದ್ರೆ ಕರಗೋದು ಪ್ಲಸ್ ಕಡೆಯ ಸರಳು.

ಮಾಡೋರಿಗೆ ನಾಲ್ಕು ಎಚ್ಚರಿಕೆ. ಒಂದು, ಪ್ಲಸ್-ಮೈನಸ್ ಅದಲುಬದಲಾದರೆ ಕರಗೋದು ಟ್ಯಾಂಕು. ಎರಡು, ಸರಳು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬರುತ್ತೆ. ಮೂರು, ಜಲಜನಕ ಹೊತ್ತಿಕೊಳ್ಳುತ್ತೆ, ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಬೆಂಕಿ ಬೇಡ, ಚಾರ್ಜರ್ ಆಫ್ ಮಾಡಿಯೇ ವೈರು ಮುಟ್ಟಬೇಕು. ನಾಲ್ಕು, ಮೊದಲು ಪೆಟ್ರೋಲಿನ ಆವಿ ಒಂದಿಷ್ಟೂ ಉಳಿಯದ ಹಾಗೆ ಬಿಸಿನೀರು, ಸೋಪಿನಲ್ಲಿ ತೊಳೆದಿರಬೇಕು. (ಈ ಒಂದು ಕೆಲಸ ನಾನು 2015ರಲ್ಲೇ ಮುಗಿಸಿದ್ದೆ :-( )

ಅಂಗಳದಲ್ಲಿ ಟ್ಯಾಂಕಿಟ್ಟು ಎರಡು ದಿನ ಮಾಡಿದೆ. ಮೂರು-ನಾಲ್ಕು ಗಂಟೆಗೊಮ್ಮೆ ಸರಳು ಹೊರತೆಗೆದು ಕೆರೆಯೋದು, ಮತ್ತೆ ಇಳಿಸೋದು. ಅಪ್ಪ ಜಗಲಿಯಲ್ಲಿ ಕೂತು "ಪಾಯಸ ಕಾಯಿಸ್ತಿದೀಯೇನೋ" ಅಂತ ಕೇಳಿದರು, ನೊರೆ ನೋಡಿದರೆ ಹಾಗೇ ಇತ್ತು. ಎರಡನೇ ದಿನ ಸಂಜೆ ನೀರು ಚೆಲ್ಲಿ ಟಾರ್ಚ್ ಬಿಟ್ಟೆ. ಕೆಂಪು ಹೋಗಿತ್ತು. ಕಪ್ಪು ಬೂದಿಯಂಥದ್ದು ಉಳಿದಿತ್ತು, ತೊಳೆದಾಗ ಕೆಳಗೆ ಬೂದು ಲೋಹ.

ಅದರ ಜೊತೆ ಎಡಗಡೆಯ ಗುಂಡಿಯ ತಳದಲ್ಲಿ ಒಂದು ಬೆಳಕಿನ ಚುಕ್ಕೆಯೂ ಕಂಡಿತು. ಸೂಜಿಮೊನೆಯಷ್ಟು ತೂತು. ತುಕ್ಕೇ ಅಲ್ಲಿ ಗೋಡೆಯಾಗಿ ನಿಂತಿತ್ತು, ತುಕ್ಕು ತೆಗೆದ ಮೇಲೆ ಗೋಡೆಯೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಾಡಿದ್ದು ಸರಿಯೋ ತಪ್ಪೋ ಅನ್ನಿಸಿತು. ಹೋದ ಕಬ್ಬಿಣವನ್ನು ಯಾವ ವಿದ್ಯೆಯೂ ವಾಪಸ್ ತರೋದಿಲ್ಲ, ರಾಟ್ಗೆನ್‌ಗೂ ಆಗಲಿಲ್ಲ, ಫಿಂಕ್‌ಗೂ ಆಗಲಿಲ್ಲ. ಉಳಿದದ್ದನ್ನು ಉಳಿಸಬಹುದು, ಅಷ್ಟೇ.

ಸಾಗರದ ಒಬ್ಬ ವಯಸ್ಸಾದ ಬೆಸುಗೆಯವರು ಟ್ಯಾಂಕಿಗೆ ನೀರು ತುಂಬಿ, ತೂತಿನ ಹತ್ತಿರ ಮಾತ್ರ ಖಾಲಿ ಬಿಟ್ಟು, ತವರದ ಬೆಸುಗೆ ಹಾಕಿದರು. ಹಾಗೆ ಯಾಕೆ ಅಂದ್ರೆ ಎಷ್ಟು ತೊಳೆದರೂ ಪೆಟ್ರೋಲ್ ಟ್ಯಾಂಕನ್ನು ನಂಬಬಾರದಂತೆ. "ಮೇಷ್ಟ್ರ ಗಾಡಿ ಅಲ್ವಾ ಇದು?" ಅಂತ ಅವರೇ ಕೇಳಿದರು.

ಮನೆಗೆ ತಂದು ತೆಳುವಾದ ಫಾಸ್ಫಾರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಕುಲುಕಿ, ತೊಳೆದು, ಅಕ್ಕನ ಹೇರ್ ಡ್ರೈಯರಿನಲ್ಲಿ ಒಣಗಿಸಿ, ತಡಮಾಡದೆ ಟೂ ಸ್ಟ್ರೋಕ್ ಆಯಿಲ್ ಹಾಕಿ ಎಲ್ಲ ಕಡೆ ಉರುಳಿಸಿದೆ. ಒಳಗೆ ರಾಳದಂಥ ಲೇಪನ ಹಾಕಿಸು ಅಂದವರಿದ್ದರು. ಕೆಲವು ಹಳೇ ಲೇಪನಗಳು ಎಥನಾಲಿಗೆ ಮೆತ್ತಗಾಗಿ, ಎದ್ದು ಬಂದು ಕಾರ್ಬುರೇಟರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬೇಡ ಅಂದೆ. ಅಜ್ಜನ ಎಣ್ಣೆಯೇ ಸಾಕು.

*

ಮೈಸೂರಿನ ಕಾರ್ಖಾನೆಯ ಕಥೆ ಮುಗಿಸಿಬಿಡುತ್ತೇನೆ. 1980ರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆ ಸೇರಿ ತಯಾರಾದ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಫೋರ್ ಸ್ಟ್ರೋಕ್, ಎಣ್ಣೆ ಅಳೆದು ಬೆರೆಸೋ ರಗಳೆ ಇಲ್ಲ. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನೋ ಅರ್ಥದ ಅದರ ಜಾಹೀರಾತು ದೇಶಕ್ಕೆಲ್ಲ ಬಾಯಿಪಾಠ ಆಗಿತ್ತಂತೆ. ಯೆಜ್ಡಿ ಅಷ್ಟು ಮೈಲೇಜ್ ಕೊಡಲಿಲ್ಲ. 1991ರಲ್ಲಿ ಹೊಗೆಯ ನಿಯಮ ಬಂತು, 1996ರಲ್ಲಿ ಬಿಗಿಯಾಯ್ತು. ಅದೇ 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪನಿಯಿಂದ ಹೊಸ ಫೋರ್ ಸ್ಟ್ರೋಕ್ ಗಾಡಿಗಳ ಮೇಲೆ ವಾಪಸ್ ಬಂದವು.

ಆದ್ರೆ ಮೈಸೂರಿನ ಹಳೇ ಗಾಡಿಗಳು ಈಗಲೂ ರಸ್ತೆಯಲ್ಲಿ ಕಾಣುತ್ತವಲ್ಲ, ಅವು ಉಳಿದದ್ದು ಯಾರೋ ಎತ್ತಿಟ್ಟಿದ್ದರಿಂದ ಅಲ್ಲ. ಭಾನುವಾರ ಬೆಳಿಗ್ಗೆ ಸುಮ್ಮನೆ ಒಂದು ಸುತ್ತು ಹೋಗಿಬರೋ ಜನರಿಂದ. ನಾನು ಈಗ ಕಲಿತದ್ದು ಇಷ್ಟೇ. ತುಂಬಿಸಿ ಮುಚ್ಚಿ ಮರೆತದ್ದಕ್ಕೂ ತುಕ್ಕು ಹಿಡಿಯುತ್ತೆ, ತೊಳೆದು ಮುಚ್ಚಿ ನೆನಪಿಟ್ಟುಕೊಂಡದ್ದಕ್ಕೂ ಹಿಡಿಯುತ್ತೆ. ಬಳಸಿದ್ದಕ್ಕೆ ಅಷ್ಟು ಬೇಗ ಹಿಡಿಯಲ್ಲ. ಎತ್ತಿಡಲೇಬೇಕು ಅಂದ್ರೆ ಟ್ಯಾಂಕನ್ನು ಬಾಯಿವರೆಗೆ ತುಂಬಿಸಿಡಿ, ಇಲ್ಲವೇ ಒಳಗೆಲ್ಲ ಎಣ್ಣೆ ಬಳಿದಿಡಿ. ಅರ್ಧಂಬರ್ಧ ಅಥವಾ ನನ್ನ ಹಾಗೆ ಫಳಫಳ ಖಾಲಿ ಮಾತ್ರ ಬೇಡ.

ಕಾರ್ಬುರೇಟರ್ ಬಿಚ್ಚಿ ತೊಳೆದು, ಹೊಸ ಬ್ಯಾಟರಿ ಹಾಕಿ, ಎರಡು ಲೀಟರ್ ಪೆಟ್ರೋಲಿಗೆ 80 ಮಿಲಿಲೀಟರ್ ಆಯಿಲ್ ಅಳೆದು ಹಾಕಿದೆ. ಒದ್ದೆ, ಒದ್ದೆ, ಅಪ್ಪನೂ ಒದ್ದರು. ಕೊನೆಗೆ ಕೆಮ್ಮಿತು, ಅಂಗಳ ಪೂರ್ತಿ ಹೊಗೆ. ಅಡುಗೆಮನೆಯಿಂದ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ,

"ಪೇಟೆಗೆ ಹೋಗೋದಾದ್ರೆ ಕಾಲು ಕೆಜಿ ಕಾಫಿಪುಡಿ ತಾ" ಅಂದರು.

ಗಾಡಿಗೆ ಇನ್ಶೂರೆನ್ಸ್ ಇಲ್ಲ, ಕಾಗದಪತ್ರ ಇನ್ನೂ ಸರಿ ಮಾಡಿಸಬೇಕು ಅಂತ ಹೇಳಿದೆ. ಅವರಿಗೆ ಅದು ಕೇಳಿಸಲಿಲ್ಲ, ಸೈಲೆನ್ಸರ್ ಸದ್ದು ಅಷ್ಟಿತ್ತು. ಕಾಫಿಪುಡಿ ಬಸ್ಸಿನಲ್ಲಿ ಹೋಗಿ ತಂದೆ. ಕಾಗದಪತ್ರ ಆಗೋವರೆಗೂ ಪ್ರತಿ ಭಾನುವಾರ ತೋಟದ ದಾರಿಯಲ್ಲಿ ಒಂದು ಸುತ್ತು ಹಾಕೋ ಜವಾಬ್ದಾರಿ ಅಪ್ಪನದು. ಔಷಧಿ ಬಾಟಲಿಯ ಅಳತೆ ಮುಚ್ಚಳ ಅವರಿಗೆ ಕೊಟ್ಟು ಬಂದಿದ್ದೇನೆ.